ಮಗು ಬಂದ ದಿನ ಹಾಕಿಕೊಂಡಿದ್ದ ಬಟ್ಟೆ: ಅದನ್ನು ಕತ್ತರಿಸದೆ ಕೌದಿ ಹೊಲಿಯುವುದು ಹೇಗೆ?

ದತ್ತು ತೆಗೆದುಕೊಂಡ ಅಪ್ಪ ಅಮ್ಮಂದಿರು, ಅದರಲ್ಲೂ ಮನೆಯಲ್ಲಿ ಹೊಲಿಗೆ ಮಷಿನ್ ಇರುವವರು, ನನ್ನನ್ನು ಪದೇ ಪದೇ ಕೇಳುವುದು ಇದನ್ನೇ. ಮಗು ಬಂದ ದಿನ ಹಾಕಿಕೊಂಡಿದ್ದ ಫ್ರಾಕು ಇದೆ, ಇಲ್ಲವೇ ಸುತ್ತಿಕೊಟ್ಟ ಟವೆಲ್ ಇದೆ. ಈಗ ಅದು ಚಿಕ್ಕದಾಗಿದೆ. ಬಿಸಾಡಲು ಮನಸ್ಸಿಲ್ಲ. ಆಮೇಲೆ ಕೊಂಡ ಬಟ್ಟೆಗಳೂ ಒಂದು ಮೂಟೆಯಾಗಿವೆ. ಎಲ್ಲ ಸೇರಿಸಿ ಒಂದು ಕೌದಿ ಹೊಲಿಯೋಣ ಅಂತ ಆಸೆ. ಕತ್ತರಿ ಹಾಕಬಹುದಾ?

ಬಂದ ದಿನದ ಬಟ್ಟೆಗೆ ಕತ್ತರಿ ಹಾಕಬೇಡಿ. ಕೌದಿ ಮಾತ್ರ ಖಂಡಿತ ಹೊಲಿಯಿರಿ. ನೀವು ಕೊಡಿಸಿದ ಬಟ್ಟೆ ನಿಮ್ಮ ಮನೆಯದು, ಅದನ್ನು ಮಗುವನ್ನು ಕೇಳಿ ಕತ್ತರಿಸಬಹುದು. ಮಗು ತನ್ನ ಜೊತೆ ತಂದ ಬಟ್ಟೆ ಮಗುವಿನದು. ಅದರ ವಿಷಯದಲ್ಲಿ ತೀರ್ಮಾನ ಮಾಡುವಷ್ಟು ದೊಡ್ಡದಾಗುವವರೆಗೆ ನಾವು ಬರೀ ಕಾವಲುಗಾರರು. ಅದನ್ನು ಹಾಗೇ ಇಟ್ಟುಕೊಂಡೇ ಕೌದಿಯೊಳಗೆ ಸೇರಿಸುವ ದಾರಿ ಇದೆ. ಕೆಳಗೆ ಹೇಳುತ್ತೇನೆ.

ಏನೇನು ಬೇಕು

ನಾನಿಲ್ಲಿ ಹೇಳುವ ಕೌದಿಯ ಅಳತೆ 36 ಇಂಚು ಅಗಲ, 45 ಇಂಚು ಉದ್ದ. ಮಗು ಮೈಮೇಲೆ ಹೊದ್ದು ಕೂರಲು ಸಾಕು. ಮೊದಲ ಸಲ ಹೊಲಿಯುವವರಿಗೂ ಕೈಗೆಟಕುವ ಅಳತೆ. ಇದಕ್ಕೆ 5 ಇಂಚಿನ 80 ಚೌಕ ಬೇಕು, ಅಡ್ಡಕ್ಕೆ 8, ಉದ್ದಕ್ಕೆ 10. ನಾಲ್ಕೂ ಕಡೆ ಕಾಲು ಇಂಚು ಮಾರ್ಜಿನ್ ಹೋಗುತ್ತದೆ. ಮಾರ್ಜಿನ್ ಅಂದರೆ ಹೊಲಿಗೆಯ ಆಚೆ ಒಳಗೆ ಉಳಿಯುವ ಬಟ್ಟೆ. ಹೊಲಿದ ಮೇಲೆ ಪ್ರತಿ ಚೌಕ ನಾಲ್ಕೂವರೆ ಇಂಚು ಕಾಣುತ್ತದೆ.

ಹಿಂಬದಿಗೆ 44 ಇಂಚು ಪನ್ನದ ಹತ್ತಿ ಬಟ್ಟೆ ಒಂದೂವರೆ ಮೀಟರ್. ನಡುವಿನ ಪದರಕ್ಕೆ ಹಳೆಯ ಹತ್ತಿ ಬೆಡ್‌ಶೀಟ್ ಅಥವಾ ತೆಳು ಹೊದಿಕೆ ಸಾಕು. ಅಂಗಡಿಯಲ್ಲಿ ಸಿಗುವ ಬ್ಯಾಟಿಂಗ್ (ಹತ್ತಿಯನ್ನು ಹಾಳೆಯಂತೆ ಒತ್ತಿ ಮಾಡಿದ ಪದರ) ಕೂಡ ಆಗುತ್ತದೆ. ಅಂಚಿಗೆ ಎರಡೂವರೆ ಇಂಚು ಅಗಲದ ಐದು ಪಟ್ಟಿ. ಉಳಿದಂತೆ ದಾರ, ಅಳೆಯುವ ಟೇಪು, ಅಂಟಿಸುವ ಟೇಪು, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ, ಕತ್ತರಿ, ಇಸ್ತ್ರಿ ಪೆಟ್ಟಿಗೆ, ಹೊಲಿಗೆ ಬಿಚ್ಚುವ ಕೊಕ್ಕೆ. ಜೊತೆಗೆ ಒಂದು ಅಯಸ್ಕಾಂತ. ಅದು ಯಾಕೆ ಅಂತ ಆಮೇಲೆ ಗೊತ್ತಾಗುತ್ತದೆ.

ಸಮಯ? ಒಬ್ಬರೇ ಕೂತರೆ ನಾಲ್ಕು ದಿನದ ಕೆಲಸ. ಮಗುವಿನ ಜೊತೆಗಾದರೆ ಎರಡು ತಿಂಗಳು ಅಂದುಕೊಳ್ಳಿ. ಹುಟ್ಟುಹಬ್ಬಕ್ಕೋ, ಮನೆಗೆ ಬಂದ ದಿನದ ನೆನಪಿಗೋ ಮುಗಿಸಲೇಬೇಕು ಅಂತ ಗಡುವು ಹಾಕಿಕೊಳ್ಳಬೇಡಿ. ಎಷ್ಟೋ ದತ್ತು ಮಕ್ಕಳಿಗೆ ಆ ದಿನಗಳು ಮೊದಲೇ ಭಾರವಾಗಿರುತ್ತವೆ.

1. ಮೊದಲ ಬಟ್ಟೆಯನ್ನು ಎತ್ತಿಡಿ

ಮಗು ಈಗಷ್ಟೇ ಬಂದಿದ್ದರೆ ಇದನ್ನು ಇವತ್ತೇ ಓದಿ. ಆ ಬಟ್ಟೆಯನ್ನು ತೊಳೆಯಬೇಡಿ.

ನಾನು ತೊಳೆದೆ. ಮಗಳು ಬಂದ ರಾತ್ರಿಯೇ, ಕೊಳೆಯಾಗಿದೆಯಲ್ಲ ಅಂತ, ಸೋಪಿನ ಪುಡಿ ಹಾಕಿ ತೊಳೆದು ಒಣಹಾಕಿದೆ. ಮಾರನೇ ದಿನ ಅವಳು ಆ ಫ್ರಾಕನ್ನು ಮೂಗಿಗೆ ಹಿಡಿದಳು, ಕೆಳಗೆ ಹಾಕಿದಳು, ಮತ್ತೆ ಎತ್ತಿ ಹಿಡಿದಳು. ಆಮೇಲೆ ಮೂರು ದಿನ ಮನೆಯೆಲ್ಲ ಏನೋ ಹುಡುಕುತ್ತಿದ್ದಳು. ಫ್ರಾಕು ಎದುರಿಗೇ ಇತ್ತು. ಅವಳು ಹುಡುಕುತ್ತಿದ್ದುದು ವಾಸನೆಯನ್ನು ಅಂತ ನನಗೆ ಹೊಳೆಯಲು ತುಂಬಾ ದಿನ ಬೇಕಾಯಿತು.

ಮಕ್ಕಳು ಹೋದಲ್ಲೆಲ್ಲ ಎಳೆದುಕೊಂಡು ಹೋಗುವ ಹಳೇ ಬಟ್ಟೆ, ಗೊಂಬೆ ಇರುತ್ತವಲ್ಲ, ಅದಕ್ಕೆ ಬ್ರಿಟನ್ನಿನ ಮಕ್ಕಳ ವೈದ್ಯ ಡೊನಾಲ್ಡ್ ವಿನ್ನಿಕಾಟ್ 1951ರಲ್ಲಿ ‘ಟ್ರಾನ್ಸಿಷನಲ್ ಆಬ್ಜೆಕ್ಟ್’ ಅಂತ ಹೆಸರಿಟ್ಟರು. ತಾಯಿಯಿಂದ ದೂರವಿರುವ ಹೊತ್ತಿನಲ್ಲಿ ಮಗು ಆತುಕೊಳ್ಳುವ ವಸ್ತು ಅಂತ ಅರ್ಥ. ಅದು ಕೊಳಕಾಗಿ ನಾರಿದರೂ ತಾಯಂದಿರು ಸುಮ್ಮನಿರುತ್ತಾರೆ, ತೊಳೆದರೆ ಮಗುವಿನ ಅನುಭವದ ಎಳೆ ಕಡಿದುಹೋಗುತ್ತದೆ ಅಂತ ಅವರಿಗೆ ಗೊತ್ತಿರುತ್ತದೆ, ಅಂತಲೂ ಆತ ಬರೆದಿದ್ದಾರೆ. ನನಗೆ ಗೊತ್ತಿರಲಿಲ್ಲ ನೋಡಿ.

ಬಟ್ಟೆ ಪೂರ್ತಿ ಒಣಗಿದೆಯಾ ನೋಡಿ. ತೇವವಿದ್ದರೆ ನೆರಳಲ್ಲಿ ಆರಿಸಿ. ಮಗು ಕೇಳಿದಾಗಲೆಲ್ಲ ಕೊಡಿ. ಮಗು ಅದನ್ನು ಮರೆತು ದೂರವಾದ ಮೇಲೆ ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿ ಎತ್ತಿಡಿ. ವರ್ಷಗಟ್ಟಲೆ ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ಒಳಗೆ ತೇವ ನಿಂತು ಬೂಷ್ಟು ಬರುತ್ತದೆ. ನುಸಿಗುಳಿಗೆ ಬೇಡವೇ ಬೇಡ. ಇರುವ ವಾಸನೆಯನ್ನೂ ಅದು ನುಂಗುತ್ತದೆ, ಮಗು ಬಾಯಿಗೆ ಹಾಕಿಕೊಂಡರೆ ವಿಷ.

ಒಂದು ಚೂರು ಬಟ್ಟೆಗೆ ಇಷ್ಟೆಲ್ಲಾ ಯಾಕೆ ಅನ್ನುವವರಿಗೆ ಒಂದು ಹಳೇ ಸಂಗತಿ. ಲಂಡನ್ನಿನಲ್ಲಿ 1741ರಲ್ಲಿ ಫೌಂಡ್ಲಿಂಗ್ ಹಾಸ್ಪಿಟಲ್ ಅನ್ನುವ ಅನಾಥಾಲಯ ತೆರೆಯಿತು. ಕೂಸನ್ನು ಬಿಟ್ಟುಹೋಗುವಾಗ ಒಂದು ಚೂರು ಬಟ್ಟೆಯನ್ನು ದಾಖಲೆಯ ಹಾಳೆಗೆ ಪಿನ್ ಮಾಡುತ್ತಿದ್ದರು, ಮುಂದೆ ಯಾರಾದರೂ ಕೇಳಿಕೊಂಡು ಬಂದರೆ ಗುರುತಿಗೆ ಬೇಕಲ್ಲ. 1767ರಲ್ಲಿ ಒಬ್ಬ ತಾಯಿ ತೇಪೆ ಬಟ್ಟೆಯ ಮೇಲೆ ಹೃದಯದ ಕಸೂತಿ ಹಾಕಿ, ಅದನ್ನು ಎರಡು ತುಂಡು ಮಾಡಿ, ಒಂದನ್ನು ಕೂಸಿನ ಜೊತೆ ಕೊಟ್ಟಳು. ಎಂಟು ವರ್ಷದ ಮೇಲೆ, 1775ರಲ್ಲಿ, ಮಗನನ್ನು ವಾಪಸ್ ಕರೆದುಕೊಂಡು ಹೋದಳು. ಅಂಥ ಸಾವಿರಾರು ಚೂರುಗಳು ಇವತ್ತಿಗೂ ಉಳಿದಿವೆ.

2. ಉಳಿದ ಬಟ್ಟೆಯನ್ನು ಮಗುವೇ ಆರಿಸಲಿ

ಚಿಕ್ಕದಾದ ಬಟ್ಟೆಗಳನ್ನೆಲ್ಲ ನೆಲದ ಮೇಲೆ ಹರಡಿ. ಮೂರು ರಾಶಿ ಮಾಡಿಸಿ: ಕೌದಿಗೆ ಹೋಗುವುದು, ಹಾಗೇ ಇಡುವುದು, ಆಮೇಲೆ ಹೇಳ್ತೀನಿ ಅನ್ನುವುದು. ಮೂರನೇ ರಾಶಿ ಕಡ್ಡಾಯ. ಹೌದು, ಇಲ್ಲ ಅಂತ ಎರಡೇ ದಾರಿ ಕೊಟ್ಟರೆ ಎಷ್ಟೋ ಮಕ್ಕಳು ನಿಮ್ಮ ಮುಖ ನೋಡಿ ನಿಮಗೆ ಬೇಕಾದ ಉತ್ತರ ಕೊಟ್ಟುಬಿಡುತ್ತಾರೆ. ಮನೆ ಮನೆ ದಾಟಿ ಬಂದ ಮಕ್ಕಳಿಗೆ ದೊಡ್ಡವರ ಮುಖ ಓದುವುದು ಚೆನ್ನಾಗಿ ಗೊತ್ತು.

ಎಲ್ಲವೂ ‘ಇಡುವುದು’ ರಾಶಿಗೇ ಹೋಯಿತಾ? ಕೌದಿಯ ಮಾತು ಅಲ್ಲಿಗೆ ನಿಲ್ಲಿಸಿ. ಆರು ತಿಂಗಳು ಬಿಟ್ಟು ಮತ್ತೆ ನೋಡಿ. ಹರಿದ ಬನಿಯನ್ನನ್ನೂ ಬಿಡದೆ ಕೂಡಿಡುವ ಮಕ್ಕಳಿರುತ್ತಾರೆ, ಅದು ಹಟವಲ್ಲ. ಕಳೆದುಕೊಂಡು ಗೊತ್ತಿರುವವರ ಜಾಗ್ರತೆ ಅದು.

ಕತ್ತರಿ ಕೂಡ ಸಡನ್ನಾಗಿ ತೋರಿಸಬೇಡಿ. ಮೊದಲು ನಿಮ್ಮದೇ ಹಳೇ ಅಂಗಿ ತನ್ನಿ. ಮಗುವಿನ ಎದುರೇ ಎರಡು ಚೌಕ ಕತ್ತರಿಸಿ, ಹೊಲಿದು ತೋರಿಸಿ. ಕತ್ತರಿಸಿದ್ದು ಹಾಳಾಗಲಿಲ್ಲ, ಬೇರೆ ಏನೋ ಆಯಿತು ಅಂತ ಕಣ್ಣಾರೆ ಕಾಣಬೇಕು. ನಿಮ್ಮ ಅಂಗಿಯ ಆ ಚೌಕಗಳೂ ಕೌದಿಯಲ್ಲೇ ಇರಲಿ.

3. ಬಟ್ಟೆ ಹದ ಮಾಡಿಕೊಳ್ಳಿ

ಕೌದಿಗೆ ಹೋಗುವ ಬಟ್ಟೆಯನ್ನೆಲ್ಲ (ಮೊದಲ ಬಟ್ಟೆ ಬಿಟ್ಟು) ತೊಳೆದು ಇಸ್ತ್ರಿ ಮಾಡಿ. ಹಿಂಬದಿಯ ಹೊಸ ಬಟ್ಟೆಯನ್ನು ತಪ್ಪದೆ ತೊಳೆಯಿರಿ. ಇಲ್ಲದಿದ್ದರೆ ಮೊದಲ ಒಗೆತಕ್ಕೆ ಅದು ಕುಗ್ಗಿ ಮೇಲುಭಾಗ ಸುಕ್ಕುಗಟ್ಟುತ್ತದೆ. ಕೆಂಪು, ಕಡುನೀಲಿ ಬಟ್ಟೆಯ ಮೇಲೆ ಒದ್ದೆ ಬಿಳಿ ಕರವಸ್ತ್ರ ಉಜ್ಜಿ ನೋಡಿ. ಬಣ್ಣ ಅಂಟಿದರೆ ಆ ಬಟ್ಟೆ ಬೇಡ.

ಮಕ್ಕಳ ಬಟ್ಟೆಯಲ್ಲಿ ಜಾಸ್ತಿ ಇರುವುದು ಟೀಶರ್ಟು, ಬನಿಯನ್ ತರಹದ ಹೆಣೆದ ಬಟ್ಟೆ. ಅದನ್ನು ಹಾಗೇ ಕತ್ತರಿಸಿದರೆ ಅಂಚು ಸುರುಳಿ ಸುತ್ತುತ್ತದೆ, ಹೊಲಿಯುವಾಗ ಎಳೆದು ಚೌಕ ಸೊಟ್ಟಗಾಗುತ್ತದೆ. ಮೊದಲ ಕೌದಿ ಕೆಡುವುದು ಹೆಚ್ಚಾಗಿ ಇಲ್ಲೇ. ಇದಕ್ಕೆ ಪೇಸ್ಟಿಂಗ್ ಹಾಕಬೇಕು. ಪೇಸ್ಟಿಂಗ್ ಅಂದರೆ ಒಂದು ಬದಿಗೆ ಅಂಟು ಇರುವ ತೆಳು ಬಟ್ಟೆ, ಕಾಲರಿಗೆ ಹಾಕುತ್ತಾರಲ್ಲ, ಅದೇ. ತೀರ ತೆಳುವಾದದ್ದು ಕೊಳ್ಳಿ. ಟೀಶರ್ಟಿನ ಒಳಮೈಗೆ ಅಂಟು ಇರುವ ಬದಿ ತಾಗುವಂತೆ ಇಟ್ಟು, ಮೇಲೊಂದು ಬಟ್ಟೆ ಹಾಸಿ, ಇಸ್ತ್ರಿ ಪೆಟ್ಟಿಗೆಯನ್ನು ಒತ್ತಿ ಹಿಡಿಯಿರಿ, ಎತ್ತಿ ಮುಂದಕ್ಕಿಡಿ. ಎಳೆದಾಡಬೇಡಿ. ಆರಿದ ಮೇಲೆ ಮಾತ್ರ ಕತ್ತರಿಸಿ.

ಟೀಶರ್ಟಿನ ಮೇಲಿರುವ ರಬ್ಬರ್ ಚಿತ್ರಕ್ಕೆ ನೇರವಾಗಿ ಇಸ್ತ್ರಿ ತಾಗಿದರೆ ಕರಗಿ ಅಂಟುತ್ತದೆ, ಜೋಪಾನ.

4. ಕತ್ತರಿಸಿ

ದಪ್ಪ ರಟ್ಟಿನಲ್ಲಿ ಐದು ಇಂಚಿನ ಅಚ್ಚು ಮಾಡಿಕೊಳ್ಳಿ. ಅದನ್ನು ಬಟ್ಟೆಯ ಮೇಲಿಟ್ಟು ಸೀಮೆಸುಣ್ಣದಿಂದ ಗೆರೆ ಎಳೆಯುವುದು ಮಗುವಿನ ಕೆಲಸ. ಹೊಲಿಗೆ, ಜೇಬು, ಕಾಜಾ ಇರುವ ಜಾಗಕ್ಕೆ ಹೆದರಬೇಡಿ. ನನ್ನ ಮಗಳಿಗೆ ಅತಿ ಇಷ್ಟವಾದ ಚೌಕ ಪುಟ್ಟ ಜೇಬಿರುವುದು, ಅದರಲ್ಲಿ ಒಂದು ಪೆನ್ಸಿಲ್ ಚೂರು ಇಟ್ಟುಕೊಂಡಿದ್ದಾಳೆ. ಆದರೆ ಮೂರು ವರ್ಷದೊಳಗಿನ ಮಗು ಮನೆಯಲ್ಲಿದ್ದರೆ ಗುಂಡಿ, ಮಣಿ ಎಲ್ಲ ಕಿತ್ತುಬಿಡಿ. ಕಿತ್ತು ಬಂದರೆ ಗಂಟಲಿಗೆ ಸಿಕ್ಕಿಕೊಳ್ಳುತ್ತವೆ.

5. ಜೋಡಿಸಿ. ವರ್ಷದ ಲೆಕ್ಕದಲ್ಲಿ ಬೇಡ

ತುಂಬಾ ಜನ ಮೊದಲ ವರ್ಷ, ಎರಡನೇ ವರ್ಷ ಅಂತ ಸಾಲಾಗಿ ಜೋಡಿಸಲು ಹೋಗುತ್ತಾರೆ. ನಾಲ್ಕು ವರ್ಷಕ್ಕೆ ಮನೆಗೆ ಬಂದ ಮಗುವಿಗೆ ಮೊದಲ ನಾಲ್ಕು ಸಾಲಿಗೆ ಬಟ್ಟೆಯೇ ಇರುವುದಿಲ್ಲ. ಆ ಖಾಲಿ ಜಾಗ ನೋಡಿದ ಮೇಲೆ ಅಪ್ಪ ಅಮ್ಮನಿಗೆ ಗಾಬರಿಯಾಗಿ, ಹೊಸದಾಗಿ ಕೂಸಿನ ಬಟ್ಟೆ ಕೊಂಡು ತಂದು ತುಂಬಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮಗು ಹಾಕಿಕೊಳ್ಳದ ಬಟ್ಟೆ ಅದರ ನೆನಪಾಗಲಾರದು. ಹತ್ತು ಹನ್ನೆರಡು ವರ್ಷಕ್ಕೆ ಮಗುವೇ ‘ಇದು ಯಾವಾಗ ಹಾಕಿದ್ದೆ?’ ಅಂತ ಕೇಳುತ್ತದೆ. ಆಗ ಏನು ಹೇಳುತ್ತೀರಿ?

ಬಣ್ಣ ನೋಡಿ ಜೋಡಿಸಿ, ಇಲ್ಲವೇ ಮಗು ಇಟ್ಟ ಹಾಗೆ ಬಿಡಿ. ಗೊತ್ತಿಲ್ಲದ ವರ್ಷಗಳೂ ಕೌದಿಯಲ್ಲಿರಲಿ ಅಂತ ಮಗುವಿಗೇ ಅನಿಸಿದರೆ ಆ ವರ್ಷಗಳಿಗೆ ಬರೀ ಬಿಳಿ ಚೌಕ ಹಾಕಿ. ಮುಂದೆ ಯಾವತ್ತಾದರೂ ಅದರ ಮೇಲೆ ಏನಾದರೂ ಕಸೂತಿ ಹಾಕಬಹುದು, ಬಿಡಬಹುದು.

ಮನೆಯಲ್ಲೇ ಹುಟ್ಟಿದ ಇನ್ನೊಂದು ಮಗು ಇದ್ದರೆ ಅದಕ್ಕೂ ಇದೇ ಅಳತೆಯ ಕೌದಿ, ಅಷ್ಟೇ ಚೌಕ. ಅದರ ಹುಟ್ಟಿದ ದಿನದ ಬಟ್ಟೆ ಎಷ್ಟೇ ಇರಲಿ.

ಜೋಡಣೆ ಮುಗಿದ ಕೂಡಲೇ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಪ್ರತಿ ಸಾಲಿನ ಎಡತುದಿಗೆ ನಂಬರು ಬರೆದ ಚೀಟಿ ಪಿನ್ ಮಾಡಿ. ಫ್ಯಾನ್ ಹಾಕಿದರೆ ನಿಮ್ಮ ಅರ್ಧ ದಿನದ ಕೆಲಸ ಹಾರಿಹೋಗುತ್ತದೆ.

6. ಚೌಕ ಚೌಕ ಸೇರಿಸಿ

ಸಾದಾ ಹತ್ತಿಗೆ 14ನೇ ನಂಬರಿನ ಸೂಜಿ. ಟೀಶರ್ಟು ಜಾಸ್ತಿ ಇದ್ದರೆ ಬಾಲ್ ಪಾಯಿಂಟ್ ಸೂಜಿ ಹಾಕಿ. ಅದರ ತುದಿ ಸ್ವಲ್ಪ ಗುಂಡಗಿರುತ್ತದೆ, ಎಳೆ ಕತ್ತರಿಸದೆ ಸರಿಸಿ ಒಳಹೋಗುತ್ತದೆ. ಹೊಲಿಗೆಯ ಉದ್ದ ಎರಡೂವರೆ ಮಿಲಿಮೀಟರ್. ಮಾರ್ಜಿನ್ ಎಲ್ಲ ಕಡೆ ಕಾಲು ಇಂಚೇ ಇರಬೇಕು. ಮಷಿನ್ನಿನ ತಟ್ಟೆಯ ಮೇಲೆ ಸೂಜಿಯಿಂದ ಕಾಲು ಇಂಚು ದೂರಕ್ಕೆ ಬಣ್ಣದ ಟೇಪು ಅಂಟಿಸಿಬಿಡಿ, ಬಟ್ಟೆಯ ಅಂಚು ಅದಕ್ಕೆ ತಾಗಿಕೊಂಡು ಹೋಗಲಿ. ಒಂದೊಂದು ಹೊಲಿಗೆಯಲ್ಲಿ ನೂಲಿನಷ್ಟು ತಪ್ಪಿದರೂ ಎಂಟು ಚೌಕ ಆಗುವಷ್ಟರಲ್ಲಿ ಒಂದು ಸಾಲು ಇನ್ನೊಂದಕ್ಕೆ ಕೂಡುವುದಿಲ್ಲ.

ಒಂದು ಸಾಲಿನ ಮಾರ್ಜಿನ್ನುಗಳನ್ನು ಎಡಕ್ಕೆ ಮಡಚಿ ಇಸ್ತ್ರಿ ಮಾಡಿ, ಮುಂದಿನ ಸಾಲಿನದನ್ನು ಬಲಕ್ಕೆ. ಸಾಲುಗಳನ್ನು ಸೇರಿಸುವಾಗ ಒಂದಕ್ಕೊಂದು ಕಚ್ಚಿಕೊಂಡು ಮೂಲೆಗಳು ಸರಿಯಾಗಿ ಕೂರುತ್ತವೆ.

ಮಗು ಏನು ಮಾಡಬಹುದು? ಮೂರು ನಾಲ್ಕು ವರ್ಷದವರಿಗೆ ಚೌಕ ಎತ್ತಿಕೊಡುವುದು, ಮುಗಿದ ಮೇಲೆ ಅಯಸ್ಕಾಂತದಿಂದ ನೆಲದ ಪಿನ್ನು ಹೆಕ್ಕುವುದು (ನೀವು ಪಕ್ಕದಲ್ಲೇ ಇದ್ದು). ಏಳೆಂಟಕ್ಕೆ ಕೈಹೊಲಿಗೆ ಬರುತ್ತದೆ. ಒಂಬತ್ತು ಹತ್ತರ ಹೊತ್ತಿಗೆ ಮಷಿನ್, ವೇಗ ಪೂರ್ತಿ ಇಳಿಸಿ. ಕೆಲವು ಮಕ್ಕಳಿಗೆ ಮೋಟಾರಿನ ದಿಢೀರ್ ಸದ್ದು ಆಗುವುದಿಲ್ಲ. ಮೊದಲು ದಾರವಿಲ್ಲದೆ, ಕಾಗದದ ಮೇಲೆ ಓಡಿಸಿ ತೋರಿಸಿ. ಪಿನ್ನುಗಳನ್ನು ಎಣಿಸಿ ತೆಗೆಯಿರಿ, ಎಣಿಸಿ ವಾಪಸ್ ಇಡಿ. ಒಂದು ಕಮ್ಮಿ ಬಂದರೂ ಸಿಗುವವರೆಗೆ ಏಳಬೇಡಿ.

ಇನ್ನು ಮಾತಿನ ವಿಷಯ. ಪಕ್ಕಪಕ್ಕ ಕೂತು ಇಬ್ಬರ ಕಣ್ಣೂ ಬಟ್ಟೆಯ ಮೇಲಿರುವಾಗ ಮಕ್ಕಳು ಕೇಳುವುದನ್ನು ಊಟದ ಮೇಜಿನಲ್ಲಿ ಎಂದೂ ಕೇಳುವುದಿಲ್ಲ. ಒಂದು ಮಧ್ಯಾಹ್ನ, ಆರನೇ ಸಾಲು ಹೊಲಿಯುತ್ತಿದ್ದೆವು.

‘ಅಮ್ಮಾ, ನನ್ನ ಹೆತ್ತಮ್ಮಂಗೂ ಹೊಲಿಯಕ್ಕೆ ಬರ್ತಿತ್ತಾ?’

‘ಗೊತ್ತಿಲ್ಲ ಕಣೇ. ನಿಂಗೇನನ್ಸುತ್ತೆ?’

‘ಬರ್ತಿತ್ತು ಅನ್ಸುತ್ತೆ. ಆ ಫ್ರಾಕಿಗೆ ಗುಂಡಿ ಬೇರೆ ದಾರದಲ್ಲಿ ಹಾಕಿದಾರೆ.’

ನಾನು ಅಷ್ಟು ವರ್ಷ ಅದನ್ನು ಗಮನಿಸಿರಲೇ ಇಲ್ಲ. ಇಂಥ ಹೊತ್ತಲ್ಲಿ ಮಷಿನ್ ಗಕ್ಕನೆ ನಿಲ್ಲಿಸಿ ಮಗುವಿನ ಕಡೆ ತಿರುಗಬೇಡಿ, ಮಾತು ಅಲ್ಲೇ ಮುಗಿಯುತ್ತದೆ. ಕೈ ನಿಧಾನಕ್ಕೆ ನಡೆಯುತ್ತಿರಲಿ. ಗೊತ್ತಿದ್ದರೆ ವಯಸ್ಸಿಗೆ ತಕ್ಕಂತೆ ನಿಜ ಹೇಳಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ. ‘ಅವಳೇ ನಿನಗೋಸ್ಕರ ಪ್ರೀತಿಯಿಂದ ಹೊಲಿದಳು’ ಅಂತ ಕಥೆ ಕಟ್ಟಬೇಡಿ, ಮನಸ್ಸು ಎಷ್ಟೇ ಎಳೆಯಲಿ. ಮತ್ತೆ, ಆ ಮಾತನ್ನು ಅಜ್ಜಿಗೋ ಚಿಕ್ಕಮ್ಮನಿಗೋ ಫೋನಿನಲ್ಲಿ ಹೇಳುವ ಮುಂಚೆ ಮಗುವನ್ನು ಕೇಳಿ. (ನಾನಿಲ್ಲಿ ಬರೆಯುವ ಮುಂಚೆ ಕೇಳಿದ್ದೇನೆ. ‘ಪೆನ್ಸಿಲ್ ವಿಷಯಾನೂ ಬರಿ’ ಅಂದಳು.)

7. ಮೂರು ಪದರ ಒಂದು ಮಾಡಿ

ಹಿಂಬದಿಯ ಬಟ್ಟೆಯನ್ನು 42 ಇಂಚು ಅಗಲ, 51 ಇಂಚು ಉದ್ದಕ್ಕೆ ಕತ್ತರಿಸಿ. ಮೇಲುಭಾಗಕ್ಕಿಂತ ನಾಲ್ಕೂ ಕಡೆ ಮೂರು ಇಂಚು ಜಾಸ್ತಿ ಇರಬೇಕು. ನೆಲದ ಮೇಲೆ ಅದನ್ನು ಮಗುಚಿ ಹಾಸಿ, ಅಂಚುಗಳಿಗೆ ಟೇಪು ಅಂಟಿಸಿ ಬಿಗಿ ಮಾಡಿ. ಮೇಲೆ ನಡುಪದರ, ಅದರ ಮೇಲೆ ಚೌಕಗಳ ಭಾಗ. ನಡುವಿನಿಂದ ಹೊರಕ್ಕೆ ಕೈಯಲ್ಲಿ ಸವರುತ್ತಾ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ. ಕಚ್ಚಾ ಹೊಲಿಗೆ ಅಂದರೆ ಆಮೇಲೆ ಎಳೆದು ತೆಗೆಯುವ ತಾತ್ಕಾಲಿಕ ಹೊಲಿಗೆ.

ಆಮೇಲೆ ನಡುವಿನಿಂದ ಶುರುಮಾಡಿ ಕೈಯಲ್ಲೇ ಸಾಲು ಹೊಲಿಗೆ ಹಾಕುತ್ತಾ ಬನ್ನಿ. ಅಷ್ಟು ತಾಳ್ಮೆ ಇಲ್ಲದಿದ್ದರೆ ಪ್ರತಿ ಮೂಲೆ ಕೂಡುವಲ್ಲಿ ದಪ್ಪ ದಾರದಿಂದ ಮೂರೂ ಪದರ ಸೇರಿಸಿ ಗಂಟು ಹಾಕಿ. ಬ್ಯಾಟಿಂಗ್ ಬಳಸಿದ್ದರೆ ಅದರ ಪೊಟ್ಟಣದ ಮೇಲೆ ಹೊಲಿಗೆಗಳ ನಡುವೆ ಎಷ್ಟು ಅಂತರ ಬಿಡಬಹುದು ಅಂತ ಬರೆದಿರುತ್ತದೆ, ಅದನ್ನು ಮೀರಬೇಡಿ, ಒಗೆದಾಗ ಒಳಗೆ ಉಂಡೆಗಟ್ಟುತ್ತದೆ.

ಮಗುವಿನ ಹೊಲಿಗೆ ಸೊಟ್ಟಗಿರುತ್ತದೆ. ಒಂದು ಅಕ್ಕಿಕಾಳಿನಷ್ಟಿದ್ದರೆ ಇನ್ನೊಂದು ಬೆರಳುದ್ದ. ಮಗು ಮಲಗಿದ ಮೇಲೆ ಬಿಚ್ಚಿ ನೀವೇ ಹೊಲಿಯುವ ಆಸೆ ಬರುತ್ತದೆ. ಬೇಡ. ಬೆಳಿಗ್ಗೆ ಅದಕ್ಕೆ ಗೊತ್ತಾಗಿಯೇ ಆಗುತ್ತದೆ. ಸಡಿಲವಿದ್ದರೆ ಅದರ ಪಕ್ಕದಲ್ಲೇ ನಿಮ್ಮದೊಂದು ಸಾಲು ಹಾಕಿ, ಸಾಕು.

8. ಅಂಚು ಕಟ್ಟಿ

ಹೆಚ್ಚುವರಿ ಬಟ್ಟೆ ಕತ್ತರಿಸಿ ಅಂಚು ಸಮ ಮಾಡಿ. ಐದೂ ಪಟ್ಟಿಗಳನ್ನು ಉದ್ದಕ್ಕೆ ಸೇರಿಸಿ, ಅಗಲವನ್ನು ಅರ್ಧಕ್ಕೆ ಮಡಚಿ ಇಸ್ತ್ರಿ ಮಾಡಿ. ಮುಂಬದಿಯಲ್ಲಿ ಮಷಿನ್ ಹೊಲಿಗೆ, ಹಿಂದಕ್ಕೆ ತಿರುಗಿಸಿ ಕೈಯಲ್ಲಿ ಹೆಮ್ಮಿಂಗ್. ಇದಕ್ಕೆ ಬೈಂಡಿಂಗ್ ಅನ್ನುತ್ತಾರೆ.

9. ಜೇಬು: ಮೊದಲ ಬಟ್ಟೆಯ ಜಾಗ

ಕೌದಿಯ ಹಿಂಬದಿಗೆ ಸುಮಾರು 10 ಇಂಚು ಅಗಲ, 12 ಇಂಚು ಆಳದ ಒಂದು ಜೇಬು. ಅದರೊಳಗೆ ಮಡಚಿದ ಮೊದಲ ಬಟ್ಟೆ. ಮಗುವಿಗೆ ಬೇಕೆನಿಸಿದಾಗ ತೆಗೆದು ನೋಡಬಹುದು, ಕೌದಿ ಒಗೆಯುವಾಗ ಹೊರಗೆ ತೆಗೆದಿಡಬಹುದು. ಯಾವ ಕತ್ತರಿಯೂ ಬೇಕಿಲ್ಲ.

ಜೇಬನ್ನು ಎಲ್ಲಕ್ಕಿಂತ ಕೊನೆಗೆ, ಕೈಯಲ್ಲೇ, ಹಿಂಬದಿಯ ಪದರಕ್ಕೆ ಮಾತ್ರ ಹೊಲಿಯಿರಿ. ನಾನು ಜಾಣತನ ಮಾಡಿ ಮೊದಲೇ ಮಷಿನ್ನಿನಲ್ಲಿ ಹೊಲಿದಿಟ್ಟೆ. ಆಮೇಲೆ ಮೂರು ಪದರ ಸೇರಿಸುವಾಗ ಜೇಬಿನ ಬಾಯಿಯೂ ಸೇರಿ ಹೊಲಿದುಹೋಯಿತು. ಬಿಚ್ಚಲು ಒಂದು ಸಂಜೆ ಹಿಡಿಯಿತು. ಬಾಯಿಗೆ ಒಂದು ಕಟ್ಟುವ ಲಾಡಿ ಇರಲಿ. ವೆಲ್ಕ್ರೋ ಹಳೇ ಬಟ್ಟೆಯ ಎಳೆ ಕೀಳುತ್ತದೆ.

ದೊಡ್ಡ ಮಗು ತಾನಾಗಿ ‘ಅದರ ಚೂರೂ ಮೇಲೆ ಕಾಣಬೇಕು’ ಅಂದರೆ ಫ್ರಾಕಿನ ಕೆಳಗಿನ ಮಡಿಕೆ ಬಿಚ್ಚಿ ನೋಡಿ. ಒಳಗೆ ಅರ್ಧ ಇಂಚೋ ಒಂದಿಂಚೋ ಬಟ್ಟೆ ಇರುತ್ತದೆ, ಬಣ್ಣವೂ ಮಾಸಿರುವುದಿಲ್ಲ. ಅದರಿಂದ ಒಂದು ಸಣ್ಣ ತುಂಡು ತೆಗೆದು ಒಂದು ಚೌಕದ ಮೇಲೆ ತೇಪೆಯಂತೆ ಕೂರಿಸಿ, ಮಡಿಕೆ ಮತ್ತೆ ಹೊಲಿದುಬಿಡಿ. ಹೊರಗಿನಿಂದ ನೋಡಿದರೆ ಫ್ರಾಕು ಮೊದಲಿದ್ದ ಹಾಗೇ ಕಾಣುತ್ತದೆ.

10. ಬಳಕೆ, ಒಗೆತ, ತೇಪೆ

ಒಂದು ವರ್ಷದೊಳಗಿನ ಕೂಸು ಮಲಗುವ ಕಡೆ ಕೌದಿ ಬೇಡ, ಎಷ್ಟೇ ತೆಳುವಾಗಿರಲಿ. ಮುಖದ ಮೇಲೆ ಬಂದರೆ ಸರಿಸಿಕೊಳ್ಳಲು ಕೂಸಿಗೆ ಬರುವುದಿಲ್ಲ, ಉಸಿರು ಕಟ್ಟುತ್ತದೆ. ಎದ್ದಿರುವಾಗ ನೀವು ಎದುರಿಗಿದ್ದು ನೆಲಕ್ಕೆ ಹಾಸಬಹುದು.

ತಣ್ಣೀರು, ಮೆದು ಸೋಪು, ನೆರಳಲ್ಲಿ ಚಪ್ಪಟೆ ಹರಡಿ ಒಣಗಿಸುವುದು. ಒದ್ದೆ ಕೌದಿಯನ್ನು ತಂತಿಯ ಮೇಲೆ ನೇತುಹಾಕಿದರೆ ತನ್ನ ಭಾರಕ್ಕೇ ಕೈಹೊಲಿಗೆ ಕಿತ್ತುಬರುತ್ತದೆ. ಜೇಬು ಖಾಲಿ ಮಾಡಿದಿರಾ ಅಂತ ಎರಡು ಸಲ ನೋಡಿ.

ಸಿಟ್ಟು ಬಂದ ದಿನ ಮಗು ಕೌದಿಯನ್ನು ಹರಿಯಬಹುದು, ಕತ್ತರಿಯನ್ನೇ ಹಾಕಬಹುದು. ನಮ್ಮನೆಯಲ್ಲೂ ಆಗಿದೆ. ‘ಇಷ್ಟು ಕಷ್ಟಪಟ್ಟು ಹೊಲಿದೆನಲ್ಲ’ ಅನ್ನುವ ಮಾತು ಬಾಯಿಗೆ ಬಂದೇ ಬರುತ್ತದೆ, ನುಂಗಿಕೊಳ್ಳಿ. ಚೂರುಗಳನ್ನು ಎತ್ತಿ ಒಂದು ಡಬ್ಬಿಯಲ್ಲಿಡಿ. ಮಗು ಕೇಳಿದ ದಿನ ಇಬ್ಬರೂ ಕೂತು ತೇಪೆ ಹಾಕಿ. ಅದಕ್ಕೆ ಬೇಕಾಗುತ್ತದೆ ಅಂತಲೇ ಪ್ರತಿ ಬಟ್ಟೆಯ ಉಳಿಕೆ ತುಂಡನ್ನು ಒಂದು ಚೀಲದಲ್ಲಿ ಹಾಕಿ, ಮೇಲೆ ಮಗುವಿನ ಹೆಸರು ಬರೆದು, ಮಷಿನ್ನಿನ ಡ್ರಾಯರಿನಲ್ಲಿ ಇಟ್ಟಿರಿ.